ನಡುಹಗಲಿನ ಪಿಶಾಚಿ: ಬಿಡುವಿನ ವೇಳೆಯ ಬರಿದುತನಕ್ಕೆ ಒಂದು ಹಳೆಯ ಹೆಸರು

ದುಡಿಮೆಯ ದಿನಗಳಲ್ಲಿ ಬಿಡುವಿಗಾಗಿ ಹಂಬಲಿಸುವ ಮನುಷ್ಯನು, ಆ ಬಿಡುವು ಕೈಗೆ ಬಂದಾಗ ಅದನ್ನು ಅನುಭವಿಸಲಾರದೆ ತೊಳಲುವುದು ವಿಚಿತ್ರವಾಗಿ ತೋರಿದರೂ ಅಪರೂಪದ ಸಂಗತಿಯಲ್ಲ. ವಾರ್ಷಿಕ ರಜೆ, ಕಾಯಿಲೆಯ ನಂತರದ ವಿಶ್ರಾಂತಿ, ನಿವೃತ್ತಿಯ ಮೊದಲ ತಿಂಗಳುಗಳು, ಒಂದು ಹೊಣೆಗಾರಿಕೆ ಮುಗಿದು ಇನ್ನೊಂದು ದೊರೆಯುವವರೆಗಿನ ಅವಧಿ ಇವೆಲ್ಲವುಗಳಲ್ಲಿ ಎರಡು ನೋವುಗಳು ಜೊತೆಜೊತೆಯಾಗಿ ತಲೆಯೆತ್ತುತ್ತವೆ. ಏನು ಮಾಡಿದರೂ ಒಳಗು ತುಂಬುತ್ತಿಲ್ಲ ಎಂಬ ಬರಿದುತನ ಒಂದನೆಯದು. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಸಾಗುತ್ತಿರುವಾಗ ತಾನೊಬ್ಬನೇ ದಡದಲ್ಲಿ ಉಳಿದೆನೆಂಬ, ಯಾರಿಗೂ ತನ್ನ ನೆನಪಿಲ್ಲವೆಂಬ ಭಾವ ಎರಡನೆಯದು. ಇಂಥವರು ತಮ್ಮ ಸ್ಥಿತಿಯನ್ನು ಹೇಳಿಕೊಳ್ಳಲು ತೊಡಗಿದಾಗ ಅವರ ಬಾಯಿಗೆ ಮೊದಲು ಬರುವ ಪದ ‘ಸೋಮಾರಿತನ’. ಕೇಳಿಸಿಕೊಳ್ಳುವ ಗುರುಗಳೂ ಅನೇಕ ವೇಳೆ ಅದೇ ಪದವನ್ನು ಒಪ್ಪಿಕೊಂಡು, ಏನಾದರೊಂದು ಕೆಲಸ ಹಚ್ಚಿಕೊಳ್ಳುವಂತೆ ಬುದ್ಧಿವಾದ ಹೇಳಿ ಕಳುಹಿಸುತ್ತಾರೆ.

ಈ ಹೆಸರು ಸರಿಯೇ ಎಂಬುದು ನಮ್ಮ ಪ್ರಶ್ನೆ. ಧರ್ಮಸಭೆಯ ಪರಂಪರೆ ಈ ಸ್ಥಿತಿಗೆ ಹದಿನಾರು ಶತಮಾನಗಳ ಹಿಂದೆಯೇ ಬೇರೊಂದು ಹೆಸರನ್ನು ಕೊಟ್ಟಿತ್ತು. ಆ ಹೆಸರು ಕಾಲಕ್ರಮದಲ್ಲಿ ಹೇಗೆ ಸವೆದು ‘ಸೋಮಾರಿತನ’ವಾಯಿತು, ಹಾಗೆ ಸವೆಯುವಾಗ ನಾವು ಕಳೆದುಕೊಂಡದ್ದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪದಗಳ ಚರಿತ್ರೆಯಷ್ಟೇ ಇಲ್ಲಿನ ವಿಷಯವಲ್ಲ. ತಪ್ಪು ಹೆಸರಿನಿಂದ ಕರೆದ ರೋಗಕ್ಕೆ ತಪ್ಪು ಮದ್ದು ಸಲ್ಲುತ್ತದೆ. ಬಳಲಿದವನ ಹೆಗಲಿಗೆ ಅಪರಾಧಭಾವದ ಹೊರೆಯೂ ಸೇರುತ್ತದೆ.

ಮರುಭೂಮಿಯ ಕೋಣೆಯಲ್ಲಿ

ಗ್ರೀಕ್ ಭಾಷೆಯ ‘ಅಕೇದಿಯ’ ಎಂಬ ಪದ ‘ಕೇದೋಸ್’, ಅಂದರೆ ಕಾಳಜಿ ಅಥವಾ ಅಕ್ಕರೆ, ಎಂಬುದರ ಅಭಾವವನ್ನು ಸೂಚಿಸುತ್ತದೆ. ಇಬ್ರಿಯ ಪವಿತ್ರಗ್ರಂಥವನ್ನು ಗ್ರೀಕ್ ಭಾಷೆಗೆ ತಂದ ಪ್ರಾಚೀನ ಅನುವಾದಕರು ಈ ಪದವನ್ನು ಬಳಸಿದ ಸ್ಥಳಗಳು ಗಮನಾರ್ಹವಾಗಿವೆ. ಕೀರ್ತನೆ 119:28ರಲ್ಲಿ ಮೂಲದಲ್ಲಿರುವುದು ದುಃಖವನ್ನು ಸೂಚಿಸುವ ಪದ. ಅನುವಾದಕರು ಅದಕ್ಕೆ ‘ಅಕೇದಿಯ’ ಎಂದರು. ಯೆಶಾಯ 61:3ರಲ್ಲಿ ಕುಂದಿದ ಮನಸ್ಸನ್ನು ಕುರಿತ ಮಾತಿಗೂ ಇದೇ ಪದ ಬಂದಿದೆ. ಪವಿತ್ರಗ್ರಂಥದ ಈ ಎರಡು ಕಡೆಗಳಲ್ಲಿ ಅಕೇದಿಯ ಎಂದರೆ ಸೋಮಾರಿತನವಲ್ಲ, ಎದೆಗುಂದಿದ ಸ್ಥಿತಿ. ಆ ಸ್ಥಿತಿಯಲ್ಲಿರುವವನು ಗದರಿಕೆಗಲ್ಲ, ಸಾಂತ್ವನಕ್ಕೆ ಅರ್ಹನೆಂಬ ಧ್ವನಿ ಎರಡೂ ಕಡೆ ಸ್ಪಷ್ಟವಾಗಿದೆ.

ಈ ಪದಕ್ಕೆ ಆಧ್ಯಾತ್ಮಿಕ ಪರಿಭಾಷೆಯ ಖಚಿತತೆ ದೊರೆತದ್ದು 4ನೆಯ ಶತಮಾನದ ಈಜಿಪ್ಟಿನಲ್ಲಿ. ಪೊಂತುಸ್ ಪ್ರಾಂತ್ಯದಲ್ಲಿ ಹುಟ್ಟಿದ ಎವಾಗ್ರಿಯುಸ್ ಸಂತ ನಾಸಿಯಾನ್ಸದ ಗ್ರೆಗೊರಿಯವರಿಂದ ಡೀಕನ್ ದೀಕ್ಷೆ ಪಡೆದು, 381ರ ಮಹಾಸಭೆ ಜರುಗಿದ ಕಾಲದಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ವಾಗ್ಮಿಯೆಂದು ಹೆಸರು ಮಾಡಿದ್ದರು. ವಿವಾಹಿತ ಸ್ತ್ರೀಯೊಬ್ಬಳ ಮೇಲಿನ ಅನುರಾಗದ ಬಿಕ್ಕಟ್ಟಿನಿಂದ ತಪ್ಪಿಸಿಕೊಂಡು ಅವರು ಜೆರುಸಲೇಮಿಗೆ ಹೋದರು. ಅಲ್ಲಿ ಕಾಯಿಲೆ ಬಿದ್ದರು. ಹಿರಿಯ ಮೆಲಾನಿಯಾ ಎಂಬ ಭಕ್ತೆಯ ಸಲಹೆಯಂತೆ ಈಜಿಪ್ಟಿನ ನೀತ್ರಿಯವನ್ನೂ ಆ ಬಳಿಕ ‘ಕೆಲ್ಲಿಯ’ ಎಂಬ ಏಕಾಂತವಾಸಿಗಳ ನೆಲೆಯನ್ನೂ ಸೇರಿ, 399ರಲ್ಲಿ ಅಲ್ಲಿಯೇ ತೀರಿಕೊಂಡರು. ಗ್ರಂಥಗಳನ್ನು ನಕಲು ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ರಾಜಧಾನಿಯ ಗದ್ದಲ, ವಾದವಿವಾದ, ಕೀರ್ತಿ ಇವೆಲ್ಲವೂ ಒಮ್ಮೆಗೇ ಹಿಂದೆ ಸರಿದಾಗ ಒಳಗೆ ಉಳಿಯುವುದೇನೆಂಬುದು ಅವರಿಗೆ ಪುಸ್ತಕದಿಂದ ಬಂದ ತಿಳಿವಾಗಿರಲಿಲ್ಲ.

ಕೆಲ್ಲಿಯದ ವಿರಕ್ತರು ವಾರದ ದಿನಗಳನ್ನು ತಂತಮ್ಮ ಕೋಣೆಗಳಲ್ಲಿ ಒಬ್ಬೊಬ್ಬರಾಗಿ ಕಳೆದು, ಶನಿವಾರ ಭಾನುವಾರಗಳಂದು ಮಾತ್ರ ಪ್ರಾರ್ಥನೆಗೂ ಬಲಿಪೂಜೆಗೂ ಒಂದೆಡೆ ಕೂಡುತ್ತಿದ್ದರು. ಮನಸ್ಸನ್ನು ಕಾಡುವ ಎಂಟು ದುರಾಲೋಚನೆಗಳನ್ನು ಎಣಿಸಿದ ಎವಾಗ್ರಿಯುಸರು ಅವುಗಳಲ್ಲಿ ಅತ್ಯಂತ ಭಾರವಾದುದು ಅಕೇದಿಯ ಎಂದರು. ಕೀರ್ತನೆ 91ರ ಗ್ರೀಕ್ ಪಾಠದಲ್ಲಿ ಬರುವ ‘ನಡುಹಗಲಿನ ಪಿಶಾಚಿ’ ಇದುವೇ ಎಂದು ಗುರುತಿಸಿದರು. ಹಗಲಿನ ನಾಲ್ಕನೆಯ ತಾಸಿನಿಂದ ಎಂಟನೆಯ ತಾಸಿನವರೆಗೆ, ಅಂದರೆ ನಮ್ಮ ಗಡಿಯಾರದ ಸುಮಾರು ಹತ್ತರಿಂದ ಎರಡರವರೆಗೆ, ಅದರ ಹಾವಳಿ. ಒಂಬತ್ತನೆಯ ತಾಸಿಗೆ ದಿನದ ಏಕೈಕ ಊಟ.

‘ಪ್ರಾಕ್ತಿಕೋಸ್’ ಎಂಬ ಕಿರುಗ್ರಂಥದಲ್ಲಿ ಅವರು ಕೊಡುವ ವಿವರಗಳನ್ನು ನಮ್ಮ ಮಾತುಗಳಲ್ಲಿ ಹೀಗೆ ಸಂಗ್ರಹಿಸಬಹುದು. ಸೂರ್ಯನು ಆಕಾಶದಲ್ಲಿ ಅಂಟಿಕೊಂಡಂತೆ ತೋರುತ್ತಾನೆ. ಹಗಲು ಮುಗಿಯುವುದೇ ಇಲ್ಲ. ವಿರಕ್ತನು ಮತ್ತೆ ಮತ್ತೆ ಕಿಟಕಿಯ ಕಡೆ ಕಣ್ಣು ಹಾಯಿಸುತ್ತಾನೆ, ಹೊರಗೆ ಬಂದು ಹೊತ್ತು ಎಷ್ಟಾಯಿತೆಂದು ನೋಡುತ್ತಾನೆ. ಸಹೋದರರಲ್ಲಿ ಯಾರಾದರೂ ತನ್ನನ್ನು ನೋಡಲು ಬರುತ್ತಿರುವರೋ ಎಂದು ಅತ್ತಿತ್ತ ಇಣುಕುತ್ತಾನೆ. ಯಾರೂ ಕಾಣದಿದ್ದಾಗ ಈ ಸಹೋದರರ ನಡುವೆ ಪ್ರೀತಿ ಎಂಬುದು ಸತ್ತೇಹೋಗಿದೆ, ತನ್ನನ್ನು ಸಂತೈಸಲು ಒಬ್ಬರೂ ಇಲ್ಲ ಎಂಬ ಯೋಚನೆ ಹತ್ತಿಕೊಳ್ಳುತ್ತದೆ. ಹಿಂದೆಂದೋ ಯಾರಿಂದಲೋ ಆದ ಮನನೋವು ಆಗಲೇ ನೆನಪಿಗೆ ಬರುತ್ತದೆ. ಬೇರೊಂದು ಊರಿನಲ್ಲಿ, ಬೇರೊಂದು ಕಸುಬಿನಲ್ಲಿ ತಾನು ಇದಕ್ಕಿಂತ ಚೆನ್ನಾಗಿ ಬಾಳುತ್ತಿದ್ದೆನೆಂದು ತೋರುತ್ತದೆ. ಬಿಟ್ಟುಬಂದ ಮನೆ, ಬಂಧುಬಳಗ, ಹಳೆಯ ಬಾಳು ಕಣ್ಣಿಗೆ ಕಟ್ಟುತ್ತವೆ.

ನಾವು ಆರಂಭದಲ್ಲಿ ಹೇಳಿದ ಎರಡೂ ನೋವುಗಳು ಇಲ್ಲಿ ಒಂದೇ ನೋವಿನ ಎರಡು ಮುಖಗಳಾಗಿ ಕಾಣಿಸಿಕೊಂಡಿರುವುದನ್ನು ಓದುಗರು ಗಮನಿಸಬೇಕು. ಹೊತ್ತು ಹೋಗದಿರುವುದೂ ತನ್ನನ್ನು ಯಾರೂ ಕೇಳುವವರಿಲ್ಲವೆನಿಸುವುದೂ ಎವಾಗ್ರಿಯುಸರಿಗೆ ಬೇರೆ ಬೇರೆಯಲ್ಲ. ಈ ವಿರಕ್ತನು ಸೋಮಾರಿಯೂ ಅಲ್ಲ. ಅವನು ಎಲ್ಲವನ್ನೂ ತೊರೆದು ಬಂದ ಶ್ರದ್ಧಾವಂತ. ಶ್ರದ್ಧೆ ಇರುವುದರಿಂದಲೇ ಅವನಿಗೆ ಈ ಬಾಧೆ ಉಂಟು. ಯಾವುದನ್ನೂ ಅರಸದವನಿಗೆ ಏನೂ ದೊರೆಯಲಿಲ್ಲವೆಂಬ ಕೊರಗೂ ಇರುವುದಿಲ್ಲ.

ಎವಾಗ್ರಿಯುಸರ ಇನ್ನೊಂದು ಒಳನೋಟವೂ ಇಲ್ಲಿ ಮುಖ್ಯ. ಎಂಟು ದುಷ್ಟಾತ್ಮಗಳನ್ನು ಕುರಿತ ಅವರ ಮತ್ತೊಂದು ಕೃತಿಯಲ್ಲಿ, ಅಕೇದಿಯಕ್ಕೆ ಸಿಲುಕಿದವನು ರೋಗಿಗಳ ಭೇಟಿಯಂಥ ಸತ್ಕಾರ್ಯಗಳಿಗೆ ಅವಸರಪಡುತ್ತಾನೆ, ಆದರೆ ಆ ಅವಸರದಲ್ಲಿ ಅವನು ಪೂರೈಸಿಕೊಳ್ಳುವುದು ತನ್ನ ಅಗತ್ಯವನ್ನು ಎಂದು ಅವರು ಎಚ್ಚರಿಸುತ್ತಾರೆ. ಅಕೇದಿಯ ಹಾಸಿಗೆಯ ಮೇಲೆ ಮಾತ್ರ ಮಲಗಿರುವುದಿಲ್ಲ. ಎಡೆಬಿಡದ ಓಡಾಟದಲ್ಲಿಯೂ ಅದು ವೇಷ ಮರೆಸಿಕೊಂಡಿರಬಲ್ಲುದು. ಅವರು ಸೂಚಿಸುವ ಮದ್ದುಗಳು ಸೌಮ್ಯವಾದವು. ಇದ್ದ ಕಡೆ ಇರುವುದು. ಕಣ್ಣೀರು ಬಂದರೆ ತಡೆಯದಿರುವುದು. ತನ್ನ ಜೀವಾತ್ಮವನ್ನು ಎರಡಾಗಿ ಭಾವಿಸಿ ಒಂದು ಭಾಗದಿಂದ ಇನ್ನೊಂದನ್ನು ಕೀರ್ತನೆಯ ಮಾತುಗಳಿಂದ ಸಂತೈಸುವುದು. ನಾಳೆಯೇ ಸಾಯುವವನಂತೆ ಸಿದ್ಧನಿರುತ್ತ, ದೇಹವನ್ನು ಮಾತ್ರ ಇನ್ನೂ ಬಹುಕಾಲ ಬಾಳಬೇಕಾದದ್ದೆಂಬಂತೆ ನೋಡಿಕೊಳ್ಳುವುದು. ಈ ಹೋರಾಟ ಮುಗಿದ ಮೇಲೆ ಬರುವುದು ಬೇರೊಂದು ಪಿಶಾಚಿಯಲ್ಲ, ಶಾಂತಿ ಮತ್ತು ಮಾತಿಗೆ ನಿಲುಕದ ಆನಂದ ಎಂಬುದು ಅವರ ಭರವಸೆ.

ಮಹಾವಿರಕ್ತ ಸಂತ ಅಂತೋಣಿಯವರ ಬಗ್ಗೆ ಮರುಭೂಮಿಯ ಪಿತೃಗಳ ಸೂಕ್ತಿಸಂಗ್ರಹದಲ್ಲಿ ಬರುವ ಕತೆಯೂ ಇದೇ ದಿಕ್ಕಿನದು. ಅಕೇದಿಯದಿಂದ ಕಂಗೆಟ್ಟಿದ್ದ ಅವರಿಗೆ ತಮ್ಮಂತೆಯೇ ಇದ್ದ ಒಬ್ಬನು ಕಾಣಿಸಿಕೊಂಡನು. ಅವನು ಕುಳಿತು ಹಗ್ಗ ಹೊಸೆಯುತ್ತಿದ್ದನು, ಎದ್ದು ಪ್ರಾರ್ಥಿಸುತ್ತಿದ್ದನು, ಮತ್ತೆ ಕುಳಿತು ಹೊಸೆಯುತ್ತಿದ್ದನು. ಅವನು ದೇವದೂತನೆಂಬುದು ಅಂತೋಣಿಯವರಿಗೆ ತಿಳಿಯಿತು. ಹೆಚ್ಚು ದುಡಿ ಎಂಬ ಆಜ್ಞೆ ಆ ದರ್ಶನದಲ್ಲಿ ಇಲ್ಲ. ಕೂರುವುದು, ಏಳುವುದು, ಮತ್ತೆ ಕೂರುವುದು ಎಂಬ ಲಯ ಅಲ್ಲಿ ಇದೆ.

ಪದ ಸವೆದ ಬಗೆ

ಎವಾಗ್ರಿಯುಸರ ಚಿಂತನೆಯನ್ನು ಲತೀನ್ ಜಗತ್ತಿಗೆ ತಂದವರು ಜಾನ್ ಕ್ಯಾಸಿಯನ್. ಈಜಿಪ್ಟಿನ ವಿರಕ್ತರ ನಡುವೆ ಬಾಳಿ, ಮಾರ್ಸೇ ನಗರದಲ್ಲಿ ಮಠಗಳನ್ನು ಸ್ಥಾಪಿಸಿದ ಅವರು ಸುಮಾರು 420ರಲ್ಲಿ ರಚಿಸಿದ ‘ಸಂಸ್ಥೆಗಳು’ ಎಂಬ ಗ್ರಂಥದ ಹತ್ತನೆಯ ಭಾಗವನ್ನು ಅಕೇದಿಯಕ್ಕೆ ಮೀಸಲಿಟ್ಟರು. ಅದನ್ನು ಅವರು ಹೃದಯದ ಬೇಸರ, ಹೃದಯದ ತಳಮಳ ಎಂದು ಅರ್ಥೈಸಿದರು. ಆದರೆ ಅವರ ಮುಂದಿದ್ದವರು ಏಕಾಂತವಾಸಿಗಳಲ್ಲ, ಒಟ್ಟಾಗಿ ಬಾಳುವ ಹೊಸ ಮಠವಾಸಿಗಳು. ಅವರಲ್ಲಿ ಕೈಕೆಲಸಕ್ಕೆ ಒಲ್ಲದವರೂ ಇದ್ದರು. ಆದಕಾರಣ ಕ್ಯಾಸಿಯನ್ ಪ್ರೇಷಿತ ಪೌಲನು ಥೆಸಲೋನಿಕದವರಿಗೆ ಕೈಯಾರೆ ದುಡಿಯುವ ಬಗ್ಗೆ ಬರೆದ ಮಾತುಗಳನ್ನು ಹಿಡಿದು ದೀರ್ಘವಾಗಿ ವಿವರಿಸಿದರು. ಪೇಟೆಯಿಂದ ಏಳು ದಿನಗಳ ದಾರಿಯಷ್ಟು ದೂರದಲ್ಲಿದ್ದ ಅಬ್ಬಾ ಪೌಲರು ತಾಳೆಗರಿಗಳನ್ನು ಕೂಡಿಸಿ ದಿನವೂ ದುಡಿದು, ಸಾಗಿಸುವ ಖರ್ಚು ಗಿಟ್ಟದ ಕಾರಣ ವರ್ಷದ ಕೊನೆಯಲ್ಲಿ ಎಲ್ಲವನ್ನೂ ಸುಟ್ಟುಬಿಡುತ್ತಿದ್ದರೆಂಬ ಪ್ರಸಿದ್ಧ ದೃಷ್ಟಾಂತ ಅಲ್ಲಿಯೇ ಬರುತ್ತದೆ. ಆ ದುಡಿಮೆಯ ಫಲ ಸಂತೆಯ ಬೆಲೆಯಲ್ಲಿ ಇರಲಿಲ್ಲ. ಆದರೂ ಮದ್ದು ಎಂದರೆ ದುಡಿಮೆ ಎಂಬ ಒತ್ತು ಇಲ್ಲಿಂದ ಮೊದಲಾಯಿತು.

6ನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದ 48ನೆಯ ಅಧ್ಯಾಯದಲ್ಲಿ ಸಮತೋಲನ ಇನ್ನೂ ಉಳಿದಿದೆ. ತಪಸ್ಸುಕಾಲದಲ್ಲಿ ಪ್ರತಿಯೊಬ್ಬರಿಗೂ ಒಂದು ಪುಸ್ತಕ ಕೊಡಬೇಕು. ಓದಿನ ವೇಳೆಯಲ್ಲಿ ಒಬ್ಬಿಬ್ಬರು ಹಿರಿಯರು ಮಠದಲ್ಲಿ ಸುತ್ತಾಡಿ, ಅಕೇದಿಯಕ್ಕೆ ಸಿಕ್ಕಿ ಹರಟೆಯಲ್ಲಿ ಹೊತ್ತು ಕಳೆಯುತ್ತಿರುವ ಸಹೋದರನು ಇರುವನೇ ಎಂದು ನೋಡಬೇಕು. ಭಾನುವಾರ ಎಲ್ಲರೂ ಓದಿಗೆ ಬಿಡುವಾಗಿರಬೇಕು. ಓದಲಾರದವನಿಗೆ ಏನಾದರೊಂದು ಕೆಲಸ ಕೊಡಬೇಕು. ಕಾಯಿಲೆಯವರಿಗೂ ಬಲಹೀನರಿಗೂ ಅವರ ಮೇಲೆ ಭಾರ ಬೀಳದಂಥ, ಆದರೆ ಸುಮ್ಮನಿದ್ದೇವೆ ಎನಿಸದಂಥ ಕೆಲಸ ಹುಡುಕಬೇಕು. ಬಿಡುವಿನ ದಿನವೇ ಕೆಲವರಿಗೆ ಕಷ್ಟದ ದಿನವಾಗುತ್ತದೆ ಎಂಬ ಅರಿವು ಈ ನಿಯಮದ ಹಿಂದೆ ಇದೆ. ಯಾರನ್ನೂ ಅವರ ಪಾಡಿಗೆ ಬಿಟ್ಟುಬಿಡದ ಅಕ್ಕರೆಯೂ ಇದೆ.

ಪೋಪ್ ಮಹಾ ಗ್ರೆಗೊರಿಯವರು (590–604) ಯೋಬನ ಗ್ರಂಥದ ಮೇಲಿನ ತಮ್ಮ ವ್ಯಾಖ್ಯಾನದಲ್ಲಿ ಮೂಲಪಾಪಗಳ ಪಟ್ಟಿಯನ್ನು ಹೊಸದಾಗಿ ಜೋಡಿಸಿದಾಗ ಅಕೇದಿಯ ಎಂಬ ಹೆಸರು ಪಟ್ಟಿಯಿಂದ ಬಿದ್ದುಹೋಗಿ, ಅದರ ಅಂಶಗಳು ‘ದುಃಖ’ ಎಂಬ ತಲೆಬರಹದಡಿ ಸೇರಿದವು. ಮುಂದೆ ಮಧ್ಯಯುಗದಲ್ಲಿ ಹೆಸರು ಮರಳಿ ಬಂದಿತು. ಆದರೆ ಆ ವೇಳೆಗೆ ಅದು ಮಠದ ಗೋಡೆ ದಾಟಿ ಊರಿಗೆ ಬಂದಿತ್ತು. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯ 21ನೆಯ ವಿಧಿ ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ಕಡ್ಡಾಯಗೊಳಿಸಿದ ಮೇಲೆ, ಗುರುಗಳಿಗೆ ನೆರವಾಗಲೆಂದು ಪಾಪಗಳ ಕೈಪಿಡಿಗಳು ಹೇರಳವಾಗಿ ಹುಟ್ಟಿಕೊಂಡವು. ರೈತನಿಗೂ ವ್ಯಾಪಾರಿಗೂ ಮರುಭೂಮಿಯ ಕೋಣೆಯ ಸೂಕ್ಷ್ಮಗಳನ್ನು ವಿವರಿಸುವುದು ಕಷ್ಟ. ಆದ್ದರಿಂದ ಕೈಪಿಡಿಗಳು ಹೊರಗೆ ಕಾಣುವ ಲಕ್ಷಣಗಳನ್ನು ಹಿಡಿದವು: ಬಲಿಪೂಜೆಗೆ ತಡವಾಗಿ ಬರುವುದು, ಪ್ರಾರ್ಥನೆಯಲ್ಲಿ ತೂಕಡಿಸುವುದು, ಕರ್ತವ್ಯದಲ್ಲಿ ಅಸಡ್ಡೆ. ಒಳಗಿನ ನೋವನ್ನು ಸೂಚಿಸುತ್ತಿದ್ದ ಪದ ಹೊರಗಿನ ನಡತೆಯ ಹೆಸರಾಯಿತು. ಕೊನೆಗೆ ಏಳು ಮೂಲಪಾಪಗಳ ಪಟ್ಟಿಯಲ್ಲಿ ಅದು ‘ಆಲಸ್ಯ’ ಎಂಬ ಒಂದೇ ಪದವಾಗಿ ನಮ್ಮ ಧರ್ಮೋಪದೇಶದ ತರಗತಿಗಳಿಗೂ ಬಂದು ಸೇರಿತು.

ನಮ್ಮ ಭಾಷೆಗಳಲ್ಲಿ ಈ ವ್ಯತ್ಯಾಸವನ್ನು ಹೇಳಲು ಪದಗಳಿಲ್ಲವೆಂದಲ್ಲ. ಪತಂಜಲಿಯ ಯೋಗಸೂತ್ರ ಸಾಧನೆಯ ವಿಘ್ನಗಳನ್ನು ಎಣಿಸುವಾಗ ಚಿತ್ತದ ಜಡತೆಯಾದ ‘ಸ್ತ್ಯಾನ’ವನ್ನೂ ‘ಆಲಸ್ಯ’ವನ್ನೂ ಬೇರೆ ಬೇರೆಯಾಗಿಯೇ ಹೆಸರಿಸುತ್ತದೆ. ಕನ್ನಡದ ‘ಬೇಸರ’ ಎಂಬ ಆಡುಮಾತು ಹೊತ್ತು ಹೋಗದಿರುವುದನ್ನೂ ಮನಸ್ಸು ನೊಂದಿರುವುದನ್ನೂ ಒಟ್ಟಿಗೇ ಸೂಚಿಸುತ್ತದೆ. ಎವಾಗ್ರಿಯುಸರ ಅಕೇದಿಯಕ್ಕೆ ‘ಆಲಸ್ಯ’ಕ್ಕಿಂತ ‘ಬೇಸರ’ವೇ ಹತ್ತಿರದ ಪದವೆಂದು ನಮಗೆ ತೋರುತ್ತದೆ.

ಸಂತ ತೋಮಸರ ತಿದ್ದುಪಡಿ

ಪದ ಹೀಗೆ ಸವೆಯುತ್ತಿದ್ದ 13ನೆಯ ಶತಮಾನದಲ್ಲಿಯೇ ಸಂತ ತೋಮಸ್ ಅಕ್ವಿನಾಸರು ಅದರ ಆಳವನ್ನು ಮರಳಿ ಮುಟ್ಟಿದರು. ‘ದೈವಶಾಸ್ತ್ರ ಸಂಗ್ರಹ’ದ ಎರಡನೆಯ ಭಾಗದ ದ್ವಿತೀಯಾರ್ಧದಲ್ಲಿ, 35ನೆಯ ಪ್ರಶ್ನೆಯಲ್ಲಿ, ಅವರು ಅಕೇದಿಯವನ್ನು ದೈವಿಕ ಒಳಿತಿನ ವಿಷಯದಲ್ಲಿ ಉಂಟಾಗುವ ದುಃಖ ಎಂದು ನಿರೂಪಿಸುತ್ತಾರೆ. ದೇವಪ್ರೀತಿಯಿಂದ ಹುಟ್ಟಬೇಕಾದ ಆನಂದಕ್ಕೆ ಅದು ವಿರುದ್ಧ. ಎಂದರೆ ಅಕೇದಿಯಕ್ಕೆ ಎದುರಾದದ್ದು ದುಡಿಮೆಯಲ್ಲ, ಆನಂದ.

ಇದಕ್ಕಿಂತಲೂ ಮುಖ್ಯವಾದದ್ದು ಅದೇ ಪ್ರಶ್ನೆಯ ಮೂರನೆಯ ವಿಧಿಯಲ್ಲಿದೆ. ಅಕೇದಿಯ ದಶಾಜ್ಞೆಗಳಲ್ಲಿ ಯಾವುದಕ್ಕೂ ವಿರುದ್ಧವಲ್ಲ, ಆದ್ದರಿಂದ ಅದು ಮಾರಕ ಪಾಪವಾಗಲಾರದು ಎಂಬ ಆಕ್ಷೇಪಕ್ಕೆ ಅವರು ಕೊಡುವ ಉತ್ತರ ಮೊದಲ ನೋಟಕ್ಕೆ ಅಚ್ಚರಿಯೆನಿಸುತ್ತದೆ. ಅಕೇದಿಯ ಸಬ್ಬತ್ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ಆಜ್ಞೆಗೆ ವಿರುದ್ಧ. ಏಕೆಂದರೆ ನೈತಿಕ ವಿಧಿಯಾಗಿ ಆ ಆಜ್ಞೆ ಬಯಸುವುದು ದೇವರಲ್ಲಿ ಮನಸ್ಸಿನ ವಿಶ್ರಾಂತಿಯನ್ನು. ಆಲಸ್ಯ ಎಂದು ಕರೆಸಿಕೊಂಡ ಪಾಪ, ತೋಮಸರ ಪ್ರಕಾರ, ವಿಶ್ರಮಿಸಲಾರದಿರುವಿಕೆ! ಹಾಗಾದರೆ ಬಿಡುವಿನ ದಿನ ಒಳಗು ಬರಿದಾಗಿರುವವನಿಗೆ ಇನ್ನಷ್ಟು ಕೆಲಸ ಕೊಡುವುದು, ನಿದ್ರೆ ಬಾರದವನನ್ನು ಎಬ್ಬಿಸಿ ಓಡಿಸಿದಂತೆ.

ತೋಮಸರು ಇಲ್ಲಿ ಮಾರಕ ಪಾಪದ ಮಾತನ್ನು ಕೈಬಿಡುವುದಿಲ್ಲ. ಆದರೆ ವಿವೇಚನೆ ಇಟ್ಟು ಮಾತನಾಡುತ್ತಾರೆ. ಬುದ್ಧಿ ಒಪ್ಪಿ ದೈವಿಕ ಒಳಿತನ್ನು ತಿರಸ್ಕರಿಸಿದಾಗ ಮಾತ್ರ ಅದು ಪೂರ್ಣ ಅರ್ಥದ ಪಾಪ. ಭಾವದ ಮಟ್ಟದಲ್ಲಿ ಸುಳಿದು ಹೋಗುವ ಬೇಸರ ಹಾಗಲ್ಲ. ದೇಹದ ಪಾಲನ್ನೂ ಅವರು ಗುರುತಿಸುತ್ತಾರೆ: ಉಪವಾಸ ಮಾಡುವವರು ನಡುಹಗಲಿನಲ್ಲಿ ಹಸಿವು ಬಿಸಿಲುಗಳಿಂದ ಬಳಲಿದಾಗ ಈ ಬಾಧೆಗೆ ಹೆಚ್ಚಾಗಿ ಒಳಗಾಗುತ್ತಾರೆ ಎಂಬುದು ಅವರ ಮಾತು. ದುಃಖಕ್ಕೆ ಪರಿಹಾರಗಳನ್ನು ಹೇಳುವ ಬೇರೊಂದು ಪ್ರಶ್ನೆಯಲ್ಲಿ ಅವರು ಐದನ್ನು ಪಟ್ಟಿ ಮಾಡುತ್ತಾರೆ: ಯಾವುದಾದರೊಂದು ಸಂತೋಷ, ಕಣ್ಣೀರು, ಗೆಳೆಯರ ಸಹಾನುಭೂತಿ, ಸತ್ಯದ ಧ್ಯಾನ, ನಿದ್ರೆ ಮತ್ತು ಸ್ನಾನ. ಇಂಥ ಪಟ್ಟಿಯನ್ನು ದೈವಶಾಸ್ತ್ರದ ಮಹಾಗ್ರಂಥದಲ್ಲಿ ಕಂಡು ನಮ್ಮ ವಿದ್ಯಾರ್ಥಿಗಳು ನಗುವುದುಂಟು. ಆದರೆ ದುಃಖಿತನ ಶರೀರವನ್ನು ಮರೆತ ಆಧ್ಯಾತ್ಮಿಕತೆ ಮನುಷ್ಯಾವತಾರದಲ್ಲಿ ನಂಬಿಕೆಯಿಟ್ಟ ಧರ್ಮಕ್ಕೆ ಒಪ್ಪುವಂಥದ್ದಲ್ಲ.

ಆಧುನಿಕ ಕಾಲದ ಭಾನುವಾರ

1662ರಲ್ಲಿ ತೀರಿಕೊಂಡ ಪಾಸ್ಕಲ್ ಬಿಟ್ಟುಹೋದ ಟಿಪ್ಪಣಿಗಳಲ್ಲಿ ಮನುಷ್ಯನಿಗೆ ತನ್ನ ಕೋಣೆಯಲ್ಲಿ ಸುಮ್ಮನೆ ಕೂರಲಾಗದಿರುವುದೇ ಅವನ ಸಂಕಟಗಳ ಬೇರು ಎಂಬ ವಿಚಾರವಿದೆ. ಬೇಟೆಗೆ ಹೋಗುವವನಿಗೆ ಬೇಕಾದದ್ದು ಮೊಲವಲ್ಲ, ತನ್ನನ್ನು ತಾನು ನೋಡಿಕೊಳ್ಳದಂತೆ ತಡೆಯುವ ಓಟ ಎಂದು ಅವರು ಕಂಡರು. ಕೆಲ್ಲಿಯದ ಕೋಣೆಯೇ ಇಲ್ಲಿ ಫ್ರಾನ್ಸಿನ ಶ್ರೀಮಂತನ ಕೋಣೆಯಾಗಿದೆ. ಮುಂದೆ ಕಾರ್ಖಾನೆ ಮತ್ತು ಗಡಿಯಾರಗಳ ಯುಗ ಬಂದಾಗ ದುಡಿಮೆಯೇ ಮನುಷ್ಯನ ಮಾನದಂಡವಾಯಿತು. ಬಿಡುವು ಎರಡು ದುಡಿಮೆಗಳ ನಡುವಣ ರಿಪೇರಿಯ ವೇಳೆಯಾಯಿತು. 1919ರಲ್ಲಿ ಹಂಗೇರಿಯ ಮನೋವಿಶ್ಲೇಷಕ ಶಾಂದೋರ್ ಫೆರೆಂತ್ಸಿ ವಾರವೆಲ್ಲ ಚೆನ್ನಾಗಿದ್ದು ಭಾನುವಾರ ಮಾತ್ರ ತಲೆನೋವು, ಹೊಟ್ಟೆನೋವು, ಖಿನ್ನತೆಗಳಿಗೆ ತುತ್ತಾಗುವವರನ್ನು ಕುರಿತು ಬರೆದು, ಅದಕ್ಕೆ ‘ಭಾನುವಾರದ ನರರೋಗ’ ಎಂದು ಹೆಸರಿಟ್ಟರು. ನಾತ್ಸಿ ಶಿಬಿರಗಳಿಂದ ಬದುಕಿ ಬಂದ ವಿಕ್ಟರ್ ಫ್ರಾಂಕ್ಲ್ ಅದೇ ಪದವನ್ನು ಬಳಸಿ, ವಾರದ ಗಡಿಬಿಡಿ ನಿಂತಾಗ ಬಾಳಿನಲ್ಲಿ ಅರ್ಥವಿಲ್ಲದಿರುವುದು ಬಯಲಾಗುತ್ತದೆ ಎಂದರು.

ಇಲ್ಲಿ ಒಂದು ಭೇದವನ್ನು ಮಾಡಲೇಬೇಕು. ತಾನಾಗಿ ಪಡೆದ ಬಿಡುವು ಬೇರೆ, ಹೇರಲ್ಪಟ್ಟ ಬಿಡುವು ಬೇರೆ. ವಿಯೆನ್ನಾ ಬಳಿಯ ಮಾರಿಯೆಂಟಾಲ್ ಎಂಬ ಹಳ್ಳಿಯ ಏಕೈಕ ಆಸರೆಯಾಗಿದ್ದ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಅಲ್ಲಿನ ಜನರ ಬಾಳನ್ನು ಮಾರೀ ಯಾಹೋಡಾ ಮತ್ತು ಸಂಗಡಿಗರು ಅಭ್ಯಸಿಸಿ 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ವೇಳೆ ಹೇರಳವಾಗಿ ದೊರೆತಾಗ ಜನ ಹೆಚ್ಚು ಓದಬೇಕಿತ್ತು; ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೂ ಇಳಿಯಿತು. ನಡುನಡುವೆ ಸುಮ್ಮನೆ ನಿಂತುಬಿಡುತ್ತಿದ್ದರು. ಇವರನ್ನು ಸೋಮಾರಿಗಳೆನ್ನಲು ಯಾರಿಗೆ ಬಾಯಿ ಬಂದೀತು? ಊರಿನ ಬಾಳಿನಲ್ಲಿ ತಮಗೆ ಪಾಲಿಲ್ಲ ಎಂಬ ಅರಿವು ಅವರ ಕಾಲುಗಳನ್ನೂ ಕಣ್ಣುಗಳನ್ನೂ ಭಾರವಾಗಿಸಿತ್ತು. ಇಂಥ ಕಡೆ ಆಧ್ಯಾತ್ಮಿಕ ಸಲಹೆಗಿಂತ ಮೊದಲು ನ್ಯಾಯ ಸಲ್ಲಬೇಕು.

ಸೋಮಾರಿತನದ ಆಪಾದನೆ ಪವಿತ್ರಗ್ರಂಥದಲ್ಲಿ ಯಾರ ಬಾಯಿಂದ ಬರುತ್ತದೆ ಎಂಬುದನ್ನೂ ನಾವು ನೆನೆಯಬೇಕು. ವಿಮೋಚನಾಕಾಂಡದ 5ನೆಯ ಅಧ್ಯಾಯದಲ್ಲಿ, ಆರಾಧನೆಗಾಗಿ ಬಿಡುವು ಕೇಳಿದ ಇಸ್ರಯೇಲರನ್ನು ಮೈಗಳ್ಳರೆಂದು ಜರೆದು, ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆ ಮಾಡಿಸಿದವನು ಫರೋಹ. ಅದಕ್ಕೆ ಪ್ರತಿಯಾಗಿ ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಸಬ್ಬತ್ತಿನ ವಿಶ್ರಾಂತಿಯಲ್ಲಿ ದಾಸದಾಸಿಯರನ್ನೂ ಪರದೇಶಿಯನ್ನೂ ದನಕರುಗಳನ್ನೂ ಸೇರಿಸುತ್ತದೆ, ಈಜಿಪ್ಟಿನ ದಾಸ್ಯವನ್ನು ನೆನಪಿಸುತ್ತದೆ. ಸಬ್ಬತ್ತಿನಿಂದ ಯಾರೂ ಹೊರಗುಳಿಯುವಂತಿಲ್ಲ. 1891ರ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ಪೋಪ್ 13ನೆಯ ಲಿಯೋರವರು ಕಾರ್ಮಿಕರ ಭಾನುವಾರದ ವಿಶ್ರಾಂತಿಯನ್ನು ಹಕ್ಕಾಗಿ ಎತ್ತಿಹಿಡಿದರು. ಆ ವಿಶ್ರಾಂತಿ ಬರಿಯ ಸುಮ್ಮನಿರುವಿಕೆಯಲ್ಲ, ಆರಾಧನೆಯಿಂದ ಪವಿತ್ರಗೊಂಡದ್ದು ಎಂದೂ ವಿವರಿಸಿದರು. 1948ರಲ್ಲಿ ಜರ್ಮನಿಯ ತತ್ವಶಾಸ್ತ್ರಜ್ಞ ಯೋಸೆಫ್ ಪೀಪರ್, ಯುದ್ಧದಲ್ಲಿ ನೆಲಸಮವಾದ ದೇಶವನ್ನು ಮರಳಿ ಕಟ್ಟುವ ಗಡಿಬಿಡಿಯ ನಡುವೆಯೇ, ಬಿಡುವಿನ ಬೇರು ಆರಾಧನೆಯಲ್ಲಿದೆ ಎಂದು ವಾದಿಸಿ, ಅಕೇದಿಯ ಮತ್ತು ಎಡೆಬಿಡದ ದುಡಿತ ಒಂದೇ ಕುಲದವೆಂದು ತೋರಿಸಿದರು. 1998ರ ‘ದಿಯೆಸ್ ದೋಮಿನಿ’ ಪತ್ರದಲ್ಲಿ ಪೋಪ್ 2ನೆಯ ಜಾನ್ ಪಾಲರು ‘ವಾರಾಂತ್ಯ’ ಬೇರೆ, ‘ಪ್ರಭುವಿನ ದಿನ’ ಬೇರೆ ಎಂದು ನೆನಪಿಸಿದ್ದೂ ಇದೇ ಅರ್ಥದಲ್ಲಿ.

ನಮ್ಮ ನಡುವೆ

ಈ ಚರಿತ್ರೆ ನಮಗೆ, ವಿಶೇಷವಾಗಿ ಗುರುಗಳಿಗೂ ಗುರುಮಠದವರಿಗೂ, ಹೇಳುವುದೇನು? 2013ರ ‘ಎವಾಂಜೆಲಿ ಗೌದಿಯುಮ್’ ಪ್ರಬೋಧನೆಯಲ್ಲಿ ಪೋಪ್ ಫ್ರಾನ್ಸಿಸರು ಪಾಲನಾಸೇವೆಯಲ್ಲಿರುವವರ ಅಕೇದಿಯದ ಬಗ್ಗೆ ಮಾತನಾಡಿದ್ದಾರೆ. ತಮ್ಮ ಬಿಡುವಿನ ವೇಳೆಯನ್ನು ಕಾಪಾಡಿಕೊಳ್ಳಲು ಹವಣಿಸುವವರೂ ಕೆಲಸದಲ್ಲಿ ಮುಳುಗಿದವರೂ ಒಂದೇ ಬಾಧೆಗೆ ಸಿಲುಕಿರಬಹುದು. ತೊಂದರೆ ಇರುವುದು ಕೆಲಸದ ಹೆಚ್ಚಳದಲ್ಲಲ್ಲ, ತಕ್ಕ ಪ್ರೇರಣೆಯೂ ಒಳಗಿನ ಆಧ್ಯಾತ್ಮಿಕತೆಯೂ ಇಲ್ಲದೆ ಅದನ್ನು ಮಾಡುವುದರಲ್ಲಿ ಎಂಬುದು ಅವರ ನಿದಾನ. 1983ರ ಧರ್ಮಸಭಾ ಕಾನೂನು ಸಂಹಿತೆಯ 533ನೆಯ ವಿಧಿ ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆಯನ್ನು ಅನುಮತಿಸುತ್ತದೆ. ಧ್ಯಾನಕೂಟದ ದಿನಗಳನ್ನು ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ. 538ನೆಯ ವಿಧಿ 75 ವರ್ಷ ತುಂಬಿದಾಗ ರಾಜೀನಾಮೆ ಸಲ್ಲಿಸುವಂತೆ ಕೋರುತ್ತದೆ. ಕಾನೂನು ಬಿಡುವನ್ನು ಕೊಡಬಲ್ಲುದು. ಬಿಡುವಿನಲ್ಲಿ ಬಾಳುವುದನ್ನು ಕಲಿಸಲಾರದು. ಉಪದೇಶ, ಸಂಸ್ಕಾರ, ಕಟ್ಟಡ, ಸಭೆಗಳ ನಡುವೆ ನಲವತ್ತು ವರ್ಷ ಕಳೆದವರು ಒಂದು ಬೆಳಿಗ್ಗೆ ವಿಶ್ರಾಂತಿಗೃಹದ ಕೋಣೆಯಲ್ಲಿ ಕುಳಿತು ಕಿಟಕಿಯ ಕಡೆ ನೋಡುವಾಗ, ಕೆಲ್ಲಿಯದ ಆ ವಿರಕ್ತನ ಹೊತ್ತು ಅವರ ಹೊತ್ತೂ ಆಗುತ್ತದೆ. ಕೊಲ್ಲಿಯಿಂದ ಎರಡು ತಿಂಗಳ ರಜೆಗೆ ಬಂದು, ತಾನಿಲ್ಲದೆಯೇ ನಡೆಯಲು ಕಲಿತ ಮನೆಯಲ್ಲಿ ಅತಿಥಿಯಂತೆ ಕೂರುವ ಕರಾವಳಿಯ ತಂದೆಯ ಹೊತ್ತೂ ಅದೇ.

ಇಂಥವರ ಮುಂದೆ ನಾವು ಮಾಡಬಹುದಾದದ್ದು ಮೂರು. ಮೊದಲನೆಯದಾಗಿ, ‘ಸೋಮಾರಿ’ ಎಂಬ ಮಾತನ್ನು ಅವರಾಗಿ ಹೇಳಿಕೊಂಡರೂ ಒಪ್ಪದಿರುವುದು. ಎರಡನೆಯದಾಗಿ, ಅವರು ಹೊತ್ತು ತಂದದ್ದು ಯಾವುದೆಂದು ವಿವೇಚಿಸುವುದು: ದೇಹದ ದಣಿವೇ, ಕೆಲಸ ಕಳೆದುಕೊಂಡ ಅನ್ಯಾಯವೇ, ವೈದ್ಯರ ನೆರವು ಬೇಕಾದ ಖಿನ್ನತೆಯೇ, ಅಥವಾ ದೇವರಲ್ಲಿ ವಿಶ್ರಮಿಸಲಾರದ ಮನಸ್ಸೇ. ನಾಲ್ಕಕ್ಕೂ ಒಂದೇ ಮದ್ದಿಲ್ಲ. ಮೂರನೆಯದಾಗಿ, ಹೋಗಿ ನೋಡುವುದು. ಅಕೇದಿಯದ ವಿರಕ್ತನು ಸಹೋದರರಲ್ಲಿ ಪ್ರೀತಿ ಇಲ್ಲವೆಂದುಕೊಂಡದ್ದು ಪಿಶಾಚಿಯ ಪಿಸುಮಾತೆಂದು ಎವಾಗ್ರಿಯುಸರು ಹೇಳಿದರು. ಆ ಮಾತು ಸುಳ್ಳಾಗಿ ಉಳಿಯುವಂತೆ ನೋಡಿಕೊಳ್ಳುವ ಹೊಣೆ ಸಹೋದರರದು. ನಿವೃತ್ತ ಗುರುವಿನ ಬಾಗಿಲನ್ನು ವರ್ಷಗಟ್ಟಲೆ ಯಾರೂ ತಟ್ಟದಿದ್ದರೆ, ಅವರ ಒಂಟಿತನವನ್ನು ಶೋಧನೆ ಎಂದು ಕರೆಯುವ ಅಧಿಕಾರ ನಮಗಿಲ್ಲ. ಬೆನೆಡಿಕ್ಟರ ಆ ಹಿರಿಯರು ಮಠದಲ್ಲಿ ಸುತ್ತಾಡುತ್ತಿದ್ದುದು ತಪ್ಪು ಹಿಡಿಯಲು ಮಾತ್ರ ಎಂದು ನಾವು ಓದಬೇಕಾಗಿಲ್ಲ.

ಪ್ರವಾದಿ ಎಲೀಯನು ಮರುಭೂಮಿಯ ಜಾಲಿಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೇವರು ಅವನನ್ನು ಗದರಿಸಲಿಲ್ಲವೆಂಬುದನ್ನು ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ ದಾಖಲಿಸುತ್ತದೆ. ಮೊದಲು ನಿದ್ರೆ, ರೊಟ್ಟಿ, ನೀರು. ಮತ್ತೆ ನಿದ್ರೆ, ಮತ್ತೆ ರೊಟ್ಟಿ. ಆ ಮೇಲೆ ನಡಿಗೆ. ಬೆಟ್ಟದಲ್ಲಿ ಮೆಲುದನಿ. ತಾನೊಬ್ಬನೇ ಉಳಿದೆನೆಂದು ಅವನು ಎರಡು ಸಲ ಹೇಳಿದಾಗ, ಬಾಳನಿಗೆ ಮೊಣಕಾಲೂರದ ಏಳು ಸಾವಿರ ಮಂದಿ ಇದ್ದಾರೆಂಬ ಉತ್ತರ. ಕೊನೆಯಲ್ಲಿ, ಜೊತೆಗೆ ನಡೆಯಲು ಎಲೀಷನೆಂಬ ಒಬ್ಬ ಸಂಗಾತಿ. ಪಾಲನಾಸೇವೆಗೆ ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾವು ಕಾಣೆವು. ರೊಟ್ಟಿ ಹಿಡಿದು ಹೋಗುವ ಕೆಲಸ ಇಂದು ನಮ್ಮದಾಗಿದೆ.